ಬೂಟಿನ ಡಬ್ಬಿಯಲ್ಲೊಂದು ಕಚೇರಿ

ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಗೊಂಬೆಯ ಮುಖಕ್ಕೆ ಹುಬ್ಬು ಬರೆಯಬಲ್ಲವರು ಈ ಭೂಮಂಡಲದಲ್ಲಿ ಒಟ್ಟು ಮೂರು ಜನ. ಅವರಲ್ಲಿ ಇಬ್ಬರ ಕೈ ನಡುಗುತ್ತದೆ. ಮೂರನೆಯವನು ನಾನು. ನನ್ನ ಹೆಂಡತಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅವಳು ನನ್ನ ಯಾವ ಲೆಕ್ಕವನ್ನು ಒಪ್ಪಿದ್ದಾಳೆ, ಹೇಳಿ?

ಕಲೆ ಎಲ್ಲಿ ಹುಟ್ಟುತ್ತದೆ ಎಂದು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರಂತೆ. ನನ್ನದು ಬಸ್ ಡಿಪೋದಲ್ಲಿ ಹುಟ್ಟಿತು. ಅಲ್ಲಿ ನಾನು ಕಳೆದುಹೋದ ವಸ್ತುಗಳ ವಿಭಾಗದ ಮುಖ್ಯಸ್ಥ. ಉಪಮುಖ್ಯಸ್ಥನೂ ನಾನೇ, ಗುಮಾಸ್ತನೂ ನಾನೇ, ಸಂಜೆ ಬಾಗಿಲಿಗೆ ಬೀಗ ಹಾಕುವವನೂ ನಾನೇ. ಜನ ಬಸ್ಸಿನಲ್ಲಿ ಏನೇನು ಬಿಟ್ಟು ಇಳಿಯುತ್ತಾರೆಂದರೆ ನೀವು ನಂಬಲಾರಿರಿ. ಮುನ್ನೂರು ಛತ್ರಿ, ಎರಡು ಜೊತೆ ಕಟ್ಟಿಸಿದ ಹಲ್ಲು, ಒಂದು ಮರದ ಕಾಲು. ಕಾಲು ಬಿಟ್ಟವನು ಇಳಿದು ಹೋದದ್ದಾದರೂ ಹೇಗೆ ಎಂದು ಹನ್ನೊಂದು ವರ್ಷದಿಂದ ಯೋಚಿಸುತ್ತಿದ್ದೇನೆ.

ಇವುಗಳ ಜೊತೆಗೆ ಮಕ್ಕಳು ಮರೆತ ಪುಟಾಣಿ ಗೊಂಬೆಗಳು ಬರುತ್ತವೆ. ತಲೆ, ಕೂದಲು, ಕೈ, ಕಾಲು ಎಲ್ಲವನ್ನೂ ಬೇರೆ ಬೇರೆ ಬಿಚ್ಚಿ ಮತ್ತೆ ಟಕ್ಕೆಂದು ಕೂಡಿಸಬಹುದಾದ ಸೈನಿಕರು, ಕಡಲುಗಳ್ಳರು, ಗಗನಯಾತ್ರಿಗಳು. ನಿಯಮದ ಪ್ರಕಾರ ಯಾವ ವಸ್ತುವಾದರೂ ಒಂದು ವರ್ಷ ಕಾಯಬೇಕು, ಯಾರೂ ಕೇಳಿಕೊಂಡು ಬರದಿದ್ದರೆ ಗುಜರಿ ಮೂಟೆಗೆ. ಮೂಟೆಯ ಬಾಯಿ ಕಟ್ಟುವ ಮುನ್ನ, ವ್ಯವಸ್ಥಾಪಕರ ರುಜು ಹಾಕಿಸಿಕೊಂಡು, ಈ ಅನಾಥರನ್ನೆಲ್ಲ ನಾನು ಮನೆಗೆ ಕರೆತಂದೆ. ಅರ್ಧ ಜನಕ್ಕೆ ತಲೆಯಿರಲಿಲ್ಲ. ನಮ್ಮ ಡಿಪೋದಲ್ಲಿ ಕೆಲಸ ಮಾಡಲು ಅದೇನೂ ಅಡ್ಡಿಯಲ್ಲ ಎಂದು ನನಗೆ ಹೊಳೆದದ್ದೇ ಆಗ. ಈ ಗೊಂಬೆಗಳನ್ನು ತಿದ್ದಿ ತೀಡಿ ನಮ್ಮ ಕಚೇರಿಯವರನ್ನೇ ಯಾಕೆ ಮಾಡಬಾರದು?

ಮೊದಲ ಪ್ರಯೋಗ ವ್ಯವಸ್ಥಾಪಕರ ಮೇಲೆ ನಡೆಯಿತು. ಗಗನಯಾತ್ರಿಯೊಬ್ಬನ ಮುಖದ ಮೇಲಿದ್ದ ನಗುವನ್ನು ಅಳಿಸಲು ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ಹಚ್ಚಿದೆ. ನಗುವಿನ ಜೊತೆ ಮೂಗಿನ ಜಾಗ, ಗಲ್ಲ, ಎಡಗೆನ್ನೆ ಎಲ್ಲ ಕರಗಿ ಕೆಳಗಿಳಿದವು. ಆದರೂ ನೋಡಿದವರು ತಟ್ಟನೆ "ಅಯ್ಯೋ, ನಿಮ್ಮ ಸಾಹೇಬ್ರಲ್ವಾ!" ಎಂದರು. ಆಮೇಲೆ ವಿದ್ಯೆ ಕಲಿತೆ. ಹಲ್ಲುಜ್ಜುವ ಪೇಸ್ಟು ಹಚ್ಚಿ ಬಟ್ಟೆಯಿಂದ ಒಂದು ತಾಸು ತಿಕ್ಕಿದರೆ ಮುಖ ಕೋಳಿಮೊಟ್ಟೆಯಂತೆ ನುಣ್ಣಗಾಗುತ್ತದೆ. ಕುಂಚದ ಕೂದಲನ್ನೆಲ್ಲ ಕತ್ತರಿಸಿ ಮೂರೇ ಮೂರು ಉಳಿಸಿಕೊಂಡು, ಉಸಿರು ಕಟ್ಟಿ ಹುಬ್ಬೆಳೆಯಬೇಕು. ಪೈಪು ಸೋರಿದರೆ ಮೆತ್ತುತ್ತಾರಲ್ಲ, ಆ ಎರಡು ಬಣ್ಣದ ಅಂಟುಮಣ್ಣು, ಅದನ್ನು ನಾದಿ ಹೊಟ್ಟೆ ಬೆಳೆಸಬೇಕು. ವೇಳಾಪಟ್ಟಿ ಬರೆಯುವವರು ಜನ್ಮದಲ್ಲಿ ಒಂದು ದಿನ ಸಮಯಕ್ಕೆ ಬಂದವರಲ್ಲ, ಅವರಿಗೆ ಕಡಲುಗಳ್ಳನ ಮರಗಾಲು ಜೋಡಿಸಿದೆ. ದೂರು ವಿಭಾಗದವರಿಗೆ ಎರಡು ಮುಖದ ತಲೆ ಸಿಕ್ಕಿತು. ಮುಂದೆ ನಗು, ಹಿಂದೆ ಉಗ್ರಕೋಪ, ಮೇಲೊಂದು ಟೊಪ್ಪಿ. ತಲೆ ಅರ್ಧ ಸುತ್ತು ತಿರುವಿದರೆ ಸಾಕು, ಕಚೇರಿ ಸಮಯ ಶುರು. ಪಾಸ್ ಬರೆಯುವ ಅಕ್ಕ ಗಿಡ್ಡ. ಅವರಿಗೆ ಮಕ್ಕಳ ಗೊಂಬೆಯ ಮೋಟುಕಾಲು ಹಾಕಿದೆ. ಈ ಮೋಟುಕಾಲು ಒಂದೇ ಅಚ್ಚು, ಮಂಡಿ ಸೊಂಟ ಎಲ್ಲೂ ಬಾಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಲಾಗುವುದಿಲ್ಲ. ಇರಲಿ, ನಿಂತುಕೊಂಡೇ ಇರಲಿ ಎಂದುಕೊಂಡೆ.

ಈ ಸೃಷ್ಟಿಗೆಲ್ಲ ಒಂದು ಮನೆ ಬೇಕಲ್ಲ. ನಮ್ಮ ಹಳೆಯ ಕಟ್ಟಡ ಸೋರುತ್ತಿತ್ತು, ಪಕ್ಕದಲ್ಲೇ ಮೂರು ಅಂತಸ್ತಿನ ಹೊಸದು ಎದ್ದಿತ್ತು. ಮುಂದಿನ ತಿಂಗಳು ಅಲ್ಲಿಗೆ ಹೋಗಬೇಕು. ಯಾರು ಎಲ್ಲಿ ಕೂರಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ನಾನು ಮೂರು ಬೂಟಿನ ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು, ಕಿಟಕಿ ಕೊರೆದು, ರಟ್ಟಿನ ಮೆಟ್ಟಿಲು ಮಡಚಿ, ಬೆಂಕಿಪೆಟ್ಟಿಗೆಯ ಕುರ್ಚಿ ಅಂಟಿಸಿ, ಹೊಸ ಕಟ್ಟಡವನ್ನೇ ಕಟ್ಟಿದೆ. ನಿಜವಾದ ಕಟ್ಟಡಕ್ಕೆ ನಾಲ್ಕು ವರ್ಷ ಹಿಡಿದಿತ್ತು. ನನ್ನದು ನಾಲ್ಕು ದಿನ. ನನ್ನದು ಸೋರುತ್ತಲೂ ಇರಲಿಲ್ಲ.

ನಾಲ್ಕನೆಯ ದಿನ ಹೆಂಡತಿ ಊಟದ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ಈ ಮೇಜಿನ ಮೇಲೆ ಒಂದೋ ಊಟ ಇರ್ಬೇಕು, ಇಲ್ಲಾ ನಿಮ್ ಆಫೀಸಿರ್ಬೇಕು. ಯಾವ್ದು ಹೇಳಿ."

ನಾನು ಕಲಾವಿದ ನಿಜ, ಆದರೆ ಹಸಿವು ತಡೆಯುವ ಕಲಾವಿದನಲ್ಲ. ಮರುದಿನ ಬೆಳಿಗ್ಗೆ ಕಟ್ಟಡವನ್ನು ಎತ್ತಿಕೊಂಡು ಹೋಗಿ ನನ್ನ ವಿಭಾಗದ ಕಪಾಟಿನಲ್ಲಿಟ್ಟೆ. ಆಗ ಒಂದು ತಪ್ಪು ಮಾಡಿದೆ. ತಪ್ಪೆಂದರೆ ತಪ್ಪಲ್ಲ, ಹನ್ನೊಂದು ವರ್ಷದ ಅಭ್ಯಾಸ. ನನ್ನ ಕಪಾಟಿಗೆ ಏನು ಬಂದರೂ ಕೈ ತನ್ನಷ್ಟಕ್ಕೆ ಒಂದು ಚೀಟಿ ಕಟ್ಟುತ್ತದೆ. ಚೀಟಿಯ ಮೇಲೆ ಡಿಪೋದ ದುಂಡು ಮೊಹರು. ಕೆಳಗೆ ಅಚ್ಚಾದ ಅಕ್ಷರದಲ್ಲಿ "ವ್ಯವಸ್ಥಾಪಕರ ಅಪ್ಪಣೆಯಿಲ್ಲದೆ ಮುಟ್ಟಬಾರದು" ಎಂದಿರುತ್ತದೆ. ಮುರಿದ ಛತ್ರಿಗೂ ಅದೇ, ಕಟ್ಟಿಸಿದ ಹಲ್ಲಿಗೂ ಅದೇ. ನನ್ನ ಕಟ್ಟಡಕ್ಕೂ ಅದೇ ಕಟ್ಟಿದೆ.

ಹತ್ತು ಗಂಟೆಗೆ ಟಾಂಟಾಂ ಬಂದ. ಅವನು ನಮ್ಮ ಜವಾನ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿದೆ. ಗುಟ್ಟಿನ ಮಾತನ್ನು ಅವನ ಕಿವಿಗೆ ಹಾಕಿದರೆ ಅದು ಇನ್ನೊಂದು ಕಿವಿಯಿಂದ ಹೊರಬೀಳುವುದಿಲ್ಲ, ಬಾಯಿಂದ ಬೀಳುತ್ತದೆ. ಆ ದಿನದ ಛತ್ರಿಗಳನ್ನು ಕೊಡಲು ಬಂದವನು ಕಪಾಟಿನ ಮುಂದೆ ನೆಟ್ಟ ಕಂಬವಾದ.

"ಸಾರ್, ಇದು ಹೊಸ ಬಿಲ್ಡಿಂಗಾ?"

"ಹೂಂ."

"ಒಳಗಿರೋರು... ನಾವಾ?"

"ಕಣ್ಣಿದ್ದೋರಿಗೆ ಕಾಣುತ್ತೆ."

"ಯಾರ್ ಮಾಡ್ಸಿದ್ದು ಸಾರ್?"

ಅಲ್ಲೇ "ಯಾರೂ ಇಲ್ಲಪ್ಪ, ತಿಕ್ಕಲು ಹಿಡಿದು ನಾನೇ ಮಾಡಿದ್ದು" ಎಂದಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಕಚೇರಿಯ ಸಮಯದಲ್ಲಿ ಗೊಂಬೆಯಾಡಿದೆನೆಂದು ನನಗೊಂದು ಮೆಮೊ ಬರುತ್ತಿತ್ತು. ನಾನು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, "ಅದನ್ನೆಲ್ಲ ನಾನು ಬಾಯ್ಬಿಡೋ ಹಾಗಿಲ್ಲ" ಎಂದೆ.

ಟಾಂಟಾಂ ಚೀಟಿ ಓದಿದ. ಮೊಹರು ನೋಡಿದ. ಬಗ್ಗಿ ಒಳಗೆ ಇಣುಕಿ ತನ್ನ ಗೊಂಬೆ ಎರಡನೇ ಮಹಡಿಯ ಕಕ್ಕಸಿನ ಬಾಗಿಲಲ್ಲಿ ನಿಂತಿರುವುದನ್ನು ಕಂಡ. "ಅಯ್ಯಯ್ಯೋ" ಎಂದು ಎದೆ ಹಿಡಿದುಕೊಂಡು ಓಡಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಅರ್ಧ ಗಂಟೆಯೊಳಗೆ ಸುದ್ದಿಗೆ ಕೈಕಾಲು ಬಂದವು: ಯಾರು ಎಲ್ಲಿ ಕೂರಬೇಕೆಂಬುದು ಮೇಲಿನ ಕಚೇರಿಯಲ್ಲಿ ತೀರ್ಮಾನವಾಗಿದೆ, ಮಾದರಿ ಗುಟ್ಟಾಗಿ ಬಂದಿದೆ, ಕಳೆದುಹೋದ ವಸ್ತುಗಳ ನಡುವೆ ಬಚ್ಚಿಟ್ಟಿದ್ದಾರೆ, ಯಾಕೆಂದರೆ ಅಲ್ಲಿಗೆ ಹೋದದ್ದು ಯಾವತ್ತೂ ಯಾರಿಗೂ ಸಿಗುವುದಿಲ್ಲ.

ಮೊದಲು ನುಗ್ಗಿದವರು ವೇಳಾಪಟ್ಟಿಯವರು. ಹನ್ನೊಂದು ವರ್ಷದಲ್ಲಿ ಅವರು ಒಂದು ಕಡೆಗೆ ಮೊದಲು ಬಂದದ್ದು ಅದೇ ಮೊದಲು.

"ಅಣ್ಣಾ, ನನಗ್ಯಾಕೆ ಮರದ ಕಾಲು?"

"ಇದ್ದದ್ದು ಅದೇ ಕಾಲು" ಎಂದೆ. ಸತ್ಯವನ್ನೇ ಹೇಳಿದೆ.

ಅವರು ಬಗ್ಗಿ ತಮ್ಮ ಕಾಲು ಮುಟ್ಟಿ ನೋಡಿಕೊಂಡರು. "ಅಂದ್ರೆ... ನನ್ನ ಕಾಲಿಗೆ ಏನೋ ಆಗುತ್ತೆ ಅಂತ ಮೇಲಿನೋರಿಗೆ ಗೊತ್ತಾ? ಹೋದ್ವಾರ ಡಾಕ್ಟ್ರು ಬೇರೆ ಕಾಲು ನೋಡಿ ತಲೆಯಾಡ್ಸಿದ್ರು!"

ಆಗಲೇ ದೂರು ವಿಭಾಗದವರು ಒಳಗೆ ಬಂದರು. "ನಾನು ಗೋಡೆ ಕಡೆ ಮುಖ ಮಾಡಿ ಕೂತಿದೀನಿ. ಇದು ಅವಮಾನ. ನಾನು ದೂರು ಕೊಡ್ತೀನಿ."

"ಕೊಡಿ. ದೂರು ತಗೊಳ್ಳೋರು ಯಾರು?"

"ನಾನೇ."

ಅವರು ನಿಜವಾಗಿಯೂ ತಮ್ಮ ಮೇಜಿಗೆ ಹೋಗಿ ದೂರು ಬರೆದು, ಎದ್ದು ಈಚೆ ಬಂದು ಕಿಂಡಿಯಲ್ಲಿ ಕೊಟ್ಟು, ಒಳಗೆ ಹೋಗಿ ತೆಗೆದುಕೊಂಡು, ಮೊಹರು ಒತ್ತಿ, "ಪರಿಶೀಲನೆಯಲ್ಲಿದೆ, ನಾಳೆ ಬನ್ನಿ" ಎಂದು ಬರೆದುಕೊಂಡರು. ಮರುದಿನ ಬಂದರು ಕೂಡ. ಅವತ್ತು ಕಿಂಡಿಯ ಒಳಗಿದ್ದಾಗ ಕಿಂಡಿಯ ಹೊರಗಿದ್ದವರ ಮೇಲೆ ರೇಗಿದರೆಂದು ಟಾಂಟಾಂ ಹೇಳುತ್ತಾನೆ. ಅಷ್ಟನ್ನು ನಾನು ನಂಬುವುದಿಲ್ಲ.

ಆಮೇಲೆ ಕಾಣಿಕೆಗಳು ಬರತೊಡಗಿದವು. ಒಬ್ಬೊಬ್ಬರೂ ಮನೆಯಲ್ಲಿ ಮಕ್ಕಳ ಆಟಿಕೆಯ ಡಬ್ಬಿಗೆ ಕನ್ನ ಹಾಕಿದರು. ವೇಳಾಪಟ್ಟಿಯವರು ಕಾಗದದಲ್ಲಿ ಸುತ್ತಿ ಎರಡು ಗಟ್ಟಿಮುಟ್ಟಾದ ಕಾಲು ತಂದರು. ದೂರಿನವರು ಶಾಂತ ಸ್ವಭಾವದ ಒಂದು ತಲೆ ತಂದರು. ಟಾಂಟಾಂ ರಾಜಕುಮಾರನ ಚಿನ್ನದ ಬಣ್ಣದ ಕೂದಲು ತಂದು, "ನನ್ ಮಗಳು ಅಳ್ತಾ ಇದಾಳೆ ಸಾರ್, ಆದ್ರೂ ತಂದಿದೀನಿ. ನನ್ನನ್ನ ಆ ಕಕ್ಕಸಿನ ಬಾಗಿಲಿಂದ ನಾಕ್ ಹೆಜ್ಜೆ ಈಚೆ ನಿಲ್ಸಿ ಸಾಕು" ಎಂದು ಕೈಮುಗಿದ. ಇಡೀ ಡಿಪೋದ ಭವಿಷ್ಯ ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಬಂದು ನಿಂತಿತು. ಚಕ್ರವರ್ತಿಗಳಿಗೂ ಇಂಥ ಅಧಿಕಾರ ಇರಲಿಲ್ಲ. ಅವರು ತಲೆ ತೆಗೆಸಬಲ್ಲವರಾಗಿದ್ದರು. ತೆಗೆದು ಇನ್ನೊಂದು ಕೂರಿಸಿದ್ದು ಯಾರು?

ಕಾಣಿಕೆ ತರದವರು ಒಬ್ಬರೇ. ಪಾಸ್ ಬರೆಯುವ ಅಕ್ಕ. ಅವರು ಬಂದದ್ದು ಶುಕ್ರವಾರ ಮಧ್ಯಾಹ್ನ, ಗೋಡೆ ಹಿಡಿದುಕೊಂಡು, ಒಂದೊಂದು ಹೆಜ್ಜೆಗೂ "ಅಮ್ಮಾ" ಎನ್ನುತ್ತಾ. ಅಕ್ಕನ ಎರಡೂ ಮಂಡಿಗಳು ಸವೆದುಹೋಗಿದ್ದವು. ಇಪ್ಪತ್ತಾರು ವರ್ಷ ಕಿಂಡಿಯ ಹಿಂದೆ ಕೂತು, ಮುದುಕರಿಗೆ, ಕುಂಟರಿಗೆ, ಶಾಲೆಯ ಮಕ್ಕಳಿಗೆ ಬಸ್ ಪಾಸ್ ಬರೆದುಕೊಟ್ಟ ಕೈ ಅದು. ಹೊಸ ಕಟ್ಟಡದಲ್ಲಿ ಲಿಫ್ಟಿಲ್ಲ. ಪಾಸ್ ವಿಭಾಗ ಮೇಲಕ್ಕೆ ಹೋದರೆ ಅಕ್ಕ ಮನೆಗೆ ಹೋಗಬೇಕಿತ್ತು.

ಅವರು ನನ್ನ ಮುಂದೆ ಕೂತು ಚೀಲದಿಂದ ಒಂದು ಕಾಗದ ತೆಗೆದರು. ಸ್ವಯಂ ನಿವೃತ್ತಿಯ ಅರ್ಜಿ. ಕೊನೆಯ ದಿನ ಅವತ್ತೇ, ಸಂಜೆ ಐದರ ಒಳಗೆ ಕೊಡಬೇಕು.

"ನೋಡಪ್ಪ, ನಾನು ಜಾಗ ಕೇಳೋಕೆ ಬಂದಿಲ್ಲ. ಇದನ್ನ ಕೊಡ್ಲಾ ಬೇಡ್ವಾ, ಅಷ್ಟ್ ಹೇಳು. ಇನ್ನೂ ಐದು ವರ್ಷ ಸರ್ವೀಸಿದೆ. ಮನೇಲಿ ಕೂತ್ರೆ ನನ್ ಸೊಸೆ ಹಾಕೋ ಸೀರಿಯಲ್ ನೋಡ್ಬೇಕು, ಅವಳ ಜೊತೆ ಅದಕ್ಕೆ ಅಳ್ಬೇಕು. ನನ್ ಕೈಲಾಗಲ್ಲ."

ನಾನು ಕಪಾಟಿನತ್ತ ಕೈ ತೋರಿಸಿದೆ. ಅಕ್ಕ ಬಗ್ಗಿ ನೋಡಿದರು. ಕೆಳಗಿನ ಡಬ್ಬಿಯಲ್ಲಿ, ಬಾಗಿಲ ಪಕ್ಕದಲ್ಲೇ, ಅವರ ಗೊಂಬೆ ನಿಂತಿತ್ತು. ಬಿಳಿ ಕೂದಲು, ದುಂಡು ಕನ್ನಡಕ, ಕೈಯಲ್ಲಿ ಅಕ್ಕಿಕಾಳಿನಷ್ಟು ಪಾಸ್ ಪುಸ್ತಕ.

"ನೆಲಮಹಡೀನಾ?" ಎಂದರು ಅಕ್ಕ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. "ಖಂಡಿತಾನಾ?"

ಮೇಲಿನ ಎರಡು ಮಹಡಿಯಲ್ಲೂ ಕುರ್ಚಿ ಅಂಟಿಸಿಬಿಟ್ಟಿದ್ದೆ, ಮೋಟುಕಾಲಿನ ಗೊಂಬೆ ಕೂರುವುದಿಲ್ಲವಾದ್ದರಿಂದ ಕೆಳಗೆ ನಿಲ್ಲಿಸಿದ್ದೆ. ಇರುವುದಿಷ್ಟೇ. ಹೇಳಬೇಕಾದದ್ದೂ ಇಷ್ಟೇ. ಆದರೆ ಮೂರು ದಿನ ಎಲ್ಲರೂ ಕೈಮುಗಿದರೆ ಎಂಥವನಿಗೂ ತಲೆಯ ಹಿಂದೆ ಪ್ರಭೆ ಬರುತ್ತದೆ. ನಾಲಿಗೆಗೆ ಮೊದಲೇ ಎಲುಬಿಲ್ಲ.

"ಅಕ್ಕ, ನಾನಿದೀನಲ್ಲ! ನನ್ ಮಾತೇ ಕೊನೇ ಮಾತು ಅಂದ್ಕೊಳ್ಳಿ."

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಅರ್ಜಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದು ನನ್ನ ಕಸದ ಬುಟ್ಟಿಗೆ ಹಾಕಿ, "ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿ ಎದ್ದರು.

ನನ್ನ ಹೊಟ್ಟೆ ತಣ್ಣಗಿದ್ದದ್ದು ಶನಿವಾರ ಬೆಳಿಗ್ಗೆಯವರೆಗೆ ಮಾತ್ರ. ಹೊಸ ಕಟ್ಟಡಕ್ಕೆ ಬಣ್ಣದವನು ಬಂದಿದ್ದಾನೆಂದು ತಿಳಿದು ನೋಡಲು ಹೋದೆ. ಎರಡನೇ ಮಹಡಿಯ ತುತ್ತತುದಿಯಲ್ಲಿ, ನಲವತ್ತೆರಡು ಮೆಟ್ಟಿಲು ಹತ್ತಿದ ಮೇಲೆ, ಅವನು ಏಣಿಯ ಮೇಲೆ ನಿಂತು ಬಾಗಿಲ ನೆತ್ತಿಗೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದ: ಪಾಸ್ ವಿಭಾಗ.

"ಯಾರ್ ಹೇಳಿದ್ದು ನಿನಗೆ?" ಎಂದೆ. ಉಸಿರು ಬರುತ್ತಿರಲಿಲ್ಲ. ಅರ್ಧ ಮೆಟ್ಟಿಲಿಗೆ, ಅರ್ಧ ಬೋರ್ಡಿಗೆ.

"ಕಟ್ಟೋರ್ ಕೊಟ್ಟ ಹಳೇ ನಕ್ಷೇಲಿ ಹಂಗೇ ಇದೆ ಸ್ವಾಮಿ. ನನಗೇನು, ಸ್ಮಶಾನ ಅಂತ ಬರಿ ಅಂದ್ರೂ ಬರೀತೀನಿ."

ಮನೆಗೆ ಬಂದು ಊಟ ಬೇಡವೆಂದೆ. ಮದುವೆಯಾದಂದಿನಿಂದ ಕೇಳದ ಮಾತು ಕೇಳಿ ಹೆಂಡತಿ ಹಣೆ ಮುಟ್ಟಿ ನೋಡಿದಳು. ಎಲ್ಲ ಹೇಳಿದೆ.

"ಅಂದ್ರೆ, ನೀವು ಗೊಂಬೆ ಕಾಲು ಮಡಚಲ್ಲ ಅಂತ ಅಲ್ಲಿಟ್ರಿ. ಅವರು ಅದನ್ನ ನಂಬಿ ಅರ್ಜಿ ಹರಿದ್ರು."

"ಚುಟುಕಾಗಿ ಹೇಳೋದಾದ್ರೆ ಹೌದು."

"ಉದ್ದಕ್ಕೆ ಹೇಳಿದ್ರೆ ಬದಲಾಗುತ್ತಾ? ಸೋಮವಾರ ಹೋಗಿ ಸಾಹೇಬ್ರ ಹತ್ರ ನಿಜ ಹೇಳಿ, ಅಕ್ಕನಿಗೆ ಕೆಳಗೆ ಜಾಗ ಕೊಡ್ಸಿ. ಅಲ್ಲೀತನಕ ನನ್ ಪೇಸ್ಟು ಮುಟ್ಟಬೇಡಿ."

ಸೋಮವಾರ ಸಿಂಹದಂತೆ ಹೊರಟೆ. ವ್ಯವಸ್ಥಾಪಕರ ಕೋಣೆಯ ಮುಂದೆ ಒಂಬತ್ತು ಸಲ ಓಡಾಡಿದೆ. ಸಿಂಹ ಬೋನಿನಲ್ಲಿ ಓಡಾಡುವುದು ಹಾಗೆಯೇ. ಹತ್ತನೆಯ ಸಲ ತಿರುಗುವಷ್ಟರಲ್ಲಿ ಒಳಗಿನಿಂದ ಅವರೇ ಈಚೆ ಬಂದು, ಅತ್ತಿತ್ತ ನೋಡಿ, ನನ್ನ ತೋಳು ಹಿಡಿದು ನನ್ನ ವಿಭಾಗಕ್ಕೇ ಎಳೆದೊಯ್ದು ಬಾಗಿಲು ಹಾಕಿದರು.

"ಏನ್ರೀ, ನನಗೂ ಒಂದ್ ಮಾತು ಹೇಳ್ಬಾರ್ದಿತ್ತಾ? ಯಾರು ಎಲ್ಲಿ ಕೂರ್ಬೇಕು ಅಂತ ಪಟ್ಟಿ ಮಾಡಿ ಅಂತ ನಿರ್ದೇಶಕರು ನನಗೆ ಎರಡು ತಿಂಗಳ ಹಿಂದೆ ಬರೆದಿದ್ರು. ನಾನು ಇವತ್ತು ನಾಳೆ ಅಂದೆ. ಈಗ ಅವರೇ ಮಾಡಿ ನಿಮ್ ಹತ್ರ ಕಳಿಸಿದಾರೆ! ಹತ್ತೂವರೆಗೆ ಬರ್ತಾ ಇದಾರೆ ಕಣ್ರೀ! ನನ್ನ ಕತೆ ಮುಗೀತು!"

"ಸಾರ್, ಅದು ಹಾಗಲ್ಲ..."

"ಸಮಾಧಾನ ಬೇಡ. ನನ್ನನ್ನ ಇಟ್ಟಿದಾರಾ ಇಲ್ವಾ, ಅಷ್ಟ್ ತೋರ್ಸಿ."

ಮೊದಲನೇ ಮಹಡಿಯ ಡಬ್ಬಿ ತೋರಿಸಿದೆ. ಅವರು ಉಸಿರು ಹಿಡಿದು ಬಗ್ಗಿದರು. ತಮ್ಮ ಹೊಟ್ಟೆಯನ್ನು ಅಂಟುಮಣ್ಣಿನಲ್ಲಿ ಕಂಡರು. ಕೂಡಲೇ ಉಸಿರೆಳೆದುಕೊಂಡು ನಿಜವಾದದ್ದನ್ನು ಒಳಗೆ ಮಾಡಿದರು. "ಪರವಾಗಿಲ್ಲ" ಎಂದರು ತೇಲುವ ಧ್ವನಿಯಲ್ಲಿ, "ತೆಳ್ಳಗೇ ಮಾಡ್ಸಿದಾರೆ. ಅಭಿಮಾನ ಇದೆ ಅಂತಾಯ್ತು. ಕುರ್ಚಿಗೆ ಕೈ ಇಲ್ಲ ಅನ್ನೋದೊಂದು..."

"ಸಾರ್, ನಿಜ ಹೇಳ್ಬೇಕು, ಇದನ್ನ ಮಾಡಿದ್ದು..."

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ನಿರ್ದೇಶಕರು ಹತ್ತು ನಿಮಿಷ ಮೊದಲೇ ಬಂದಿದ್ದರು. ವೇಳಾಪಟ್ಟಿಯವರನ್ನು ನಂಬದ ಏಕೈಕ ಅಧಿಕಾರಿ ಅವರು. ಸಣ್ಣ ಮೈಕಟ್ಟಿನ, ನರೆತ ಕೂದಲಿನ ಹೆಂಗಸು. ಮಾತು ಕಡಿಮೆ, ಚಪ್ಪಲಿ ಸದ್ದು ಜಾಸ್ತಿ. ಆ ಸದ್ದು ನೆಟ್ಟಗೆ ನಮ್ಮ ಬಾಗಿಲಿಗೇ ಬಂತು, ಯಾಕೆಂದರೆ ಗೇಟಿನಲ್ಲೇ ಟಾಂಟಾಂ ಅವರಿಗೆ ಸುದ್ದಿ ಒಪ್ಪಿಸಿದ್ದ. ಹಿಂದೆ ಇಡೀ ಕಚೇರಿ. ಕೊನೆಯಲ್ಲಿ ಗೋಡೆ ಹಿಡಿದು ಪಾಸಿನ ಅಕ್ಕ.

ನಿರ್ದೇಶಕರು ಕಪಾಟಿನ ಮುಂದೆ ಬಗ್ಗಿ ಎರಡು ನಿಮಿಷ ನೋಡಿದರು. ನನಗೆ ಅದು ಎರಡು ವರ್ಷ.

"ತುಂಬಾ ಚೆನ್ನಾಗಿ ಮಾಡಿದೀರಿ" ಎಂದರು ವ್ಯವಸ್ಥಾಪಕರಿಗೆ. "ಪಟ್ಟಿ ಕೇಳಿದ್ರೆ ಕಟ್ಟಡಾನೇ ಮಾಡ್ಸಿಟ್ಟಿದೀರಿ."

"ಎಲ್ಲಾದ್ರೂ ಉಂಟಾ ಮೇಡಂ! ತಾವು ಮಾಡ್ಸಿರೋದಕ್ಕೆ ನಾನ್ ಹೊಗಳಿಸ್ಕೊಂಡ್ರೆ ಹೇಗೆ?"

"ನಾನಾ? ನಾನೆಲ್ಲಿ ಮಾಡ್ಸಿದೆ? ನೀವು ಮಾಡ್ಸಿದ್ದು."

"ಅಯ್ಯೋ, ತಮ್ಮ ದೊಡ್ಡ ಗುಣ ಮೇಡಂ. ತಮ್ಮದೇ."

"ನಿಮ್ಮದು ಕಣ್ರೀ."

"ತಮ್ಮದು ಮೇಡಂ."

ಹೆತ್ತವರು ಸಿಗದ ಮಗುವಿನಂತೆ ನನ್ನ ಕಟ್ಟಡ ನಡುವೆ ಕೂತಿತ್ತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಮೆಮೊ ಕೊಟ್ಟುಕೊಳ್ಳುತ್ತಿದ್ದರು. ಅಷ್ಟರಲ್ಲಿ ನಿರ್ದೇಶಕರು ಎರಡು ಬೆರಳು ಒಳಗೆ ಹಾಕಿ ಅಕ್ಕನ ಗೊಂಬೆಯನ್ನು ಎತ್ತಿದರು.

"ಇವರು ಪಾಸಿನೋರಲ್ವಾ? ನಕ್ಷೇಲಿ ಪಾಸ್ ವಿಭಾಗ ಎರಡನೇ ಮಹಡೀಲಿದೆ. ಇಲ್ಲಿ ಯಾಕೆ ಕೆಳಗಿದಾರೆ?"

ವ್ಯವಸ್ಥಾಪಕರು ಮೇಲೆ ನೋಡಿದರು. ಹಿಂದುಗಡೆಯಿಂದ ಅಕ್ಕ ನನ್ನನ್ನು ನೋಡಿದರು. "ಎರಡನೇ ಮಹಡೀನಾ?" ಎಂದು ಅವರ ತುಟಿ ಅಲುಗಿದ್ದು ನನಗೆ ಕಂಡಿತು. ಅರ್ಜಿ ಹರಿದು ಮೂರು ದಿನವಾಗಿತ್ತು. ಆ ಎಂಟು ಚೂರನ್ನು ಜಗತ್ತಿನ ಯಾವ ಅಂಟೂ ಕೂಡಿಸಲಾರದು.

ಮಹಾಯುದ್ಧಗಳಲ್ಲಿ ವೀರರು ಹೇಗೆ ಮುನ್ನುಗ್ಗುತ್ತಾರೋ ನನಗೆ ಗೊತ್ತಿಲ್ಲ. ನಾನು ಮುನ್ನುಗ್ಗಿದ್ದು ಹಿಂದಿನಿಂದ ಟಾಂಟಾಂ ನೂಕಿದ್ದರಿಂದ.

"ಮೇಡಂ, ಇದು ಯಾರದ್ದೂ ಅಲ್ಲ. ನಂದು. ಗುಜರಿಗೆ ಹೋಗೋ ಗೊಂಬೆ ತಂದು ತಮಾಷೆಗೆ ಮಾಡಿದ್ದು. ಊಟದ ಮೇಜಿನ ಮೇಲಿಂದ ನನ್ ಹೆಂಡ್ತಿ ಓಡ್ಸಿದ್ಲು, ಇಲ್ಲಿ ತಂದಿಟ್ಟೆ. ಚೀಟಿ ಕಟ್ಟಿದ್ದು ಅಭ್ಯಾಸ ಬಲ. ಆ ಗೊಂಬೆಗೆ ಕೂರೋಕೆ ಬರಲ್ಲ, ಅದಕ್ಕೇ ಕೆಳಗೆ ನಿಲ್ಸಿದ್ದು. ಯೋಜನೇನೂ ಇಲ್ಲ, ಮಣ್ಣೂ ಇಲ್ಲ. ಆದ್ರೆ ಅಕ್ಕ ನನ್ ಜಂಬದ ಮಾತು ನಂಬಿ ನಿವೃತ್ತಿ ಅರ್ಜಿ ಹರಿದ್ಹಾಕಿದಾರೆ. ಅವರ ಮಂಡಿ ಸವೆದಿದೆ. ಅವರ ಹತ್ರ ಬರೋರ ಮಂಡೀನೂ ಸವೆದಿದೆ. ನನಗೆ ಮೆಮೊ ಕೊಡಿ, ಏನ್ ಬೇಕಾದ್ರೂ ಕೊಡಿ. ಅವರನ್ನ ಮಾತ್ರ ಮೇಲೆ ಹತ್ತಿಸ್ಬೇಡಿ."

ಜನ್ಮದಲ್ಲಿ ಒಂದೇ ಉಸಿರಿಗೆ ಇಷ್ಟು ನಿಜ ಹೇಳಿರಲಿಲ್ಲ.

"ಏ..." ಎಂದರು ವೇಳಾಪಟ್ಟಿಯವರು, "ಹಾಗಾದ್ರೆ ನನ್ನ ಕಾಲು ಚೆನ್ನಾಗಿದೆಯಾ?"

ನಿರ್ದೇಶಕರು ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡೇ ಕೇಳಿದರು: "ಎಷ್ಟು ಮೆಟ್ಟಿಲು?"

ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಾಯಿ ತೆರೆಯುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

"ಬನ್ನಿ, ಎಲ್ಲರೂ. ಹತ್ತಿ ನೋಡೋಣ."

ಮೆರವಣಿಗೆ ಹೊಸ ಕಟ್ಟಡಕ್ಕೆ ಹೊರಟಿತು. ಮುಂದೆ ನಿರ್ದೇಶಕರು, ಅವರಿಗಿಂತ ಮರ್ಯಾದೆಯಿಂದ ಒಂದು ಮೆಟ್ಟಿಲು ಕೆಳಗೆ ವ್ಯವಸ್ಥಾಪಕರು, ಆಮೇಲೆ ನಾವು. ಅಕ್ಕನನ್ನು ಮಾತ್ರ ಕೆಳಗೆ ಬಾಗಿಲಲ್ಲಿ ನಿಲ್ಲಿಸಿದರು. ಹನ್ನೆರಡನೆಯ ಮೆಟ್ಟಿಲಲ್ಲಿ ವ್ಯವಸ್ಥಾಪಕರು ಒಳಗೆಳೆದುಕೊಂಡಿದ್ದ ಹೊಟ್ಟೆ ಕೈಬಿಟ್ಟಿತು. ಇಪ್ಪತ್ತರಲ್ಲಿ ವೇಳಾಪಟ್ಟಿಯವರು ಗೋಡೆಗೊರಗಿ, "ನೀವ್ ಹೋಗ್ತಿರಿ, ನಾನು ಮುಂದಿನದಕ್ಕೆ ಬರ್ತೀನಿ" ಎಂದರು. ಮೂವತ್ತರಲ್ಲಿ ದೂರಿನವರು ದೂರು ಹೇಳಲು ಬಾಯಿ ತೆರೆದರು, ಬರೀ ಗಾಳಿ ಬಂತು. ಮೂವತ್ತೆಂಟರಲ್ಲಿ ನಿರ್ದೇಶಕರ ಚಪ್ಪಲಿ ಸದ್ದು ನಿಂತಿತು. ಅವರು ಕಂಬಿ ಹಿಡಿದು ಸುಮ್ಮನೆ ಕೆಳಗೆ ನೋಡಿದರು. ನಾವೂ ಮರ್ಯಾದೆಗೆ ಸುಮ್ಮನೆ ಕೆಳಗೆ ನೋಡಿದೆವು. ಬಾವಿಯ ತಳದಲ್ಲಿ ಕಂಡಂತೆ ಅಕ್ಕನ ಬಿಳಿ ತಲೆ ಕಾಣುತ್ತಿತ್ತು.

ನಲವತ್ತೆರಡು ಮುಗಿಸಿ, ಹೊಸ ಬಣ್ಣದ ಬೋರ್ಡಿನ ಕೆಳಗೆ ನಿಂತು, ನಿರ್ದೇಶಕರು ಸೆರಗಿನಿಂದ ಬೆವರೊರೆಸಿಕೊಂಡರು. ಆಮೇಲೆ ವ್ಯವಸ್ಥಾಪಕರನ್ನು ಕೇಳಿದರು. "ಪಾಸಿಗೆ... ಯಾರ್ಯಾರು... ಬರ್ತಾರೆ?"

"ವಯಸ್ಸಾದೋರು... ಮೇಡಂ. ಕಾಲಿಲ್ಲದೋರು."

"ಅವರು... ಇಲ್ಲಿಗೆ... ಬರ್ತಾರಾ?"

"ಬಂದ್ರೆ..." ವ್ಯವಸ್ಥಾಪಕರು ಉಸಿರೆಳೆದುಕೊಂಡರು, "ಅವರಿಗೆ ಪಾಸ್ ಬೇಕಾಗಲ್ಲ ಮೇಡಂ. ನಡ್ಕೊಂಡೇ... ಊರೆಲ್ಲಾ ಸುತ್ತಬಹುದು."

ಬಣ್ಣದವನನ್ನು ಕರೆಸಿದರು. ಅವನು ಅದೇ ಏಣಿ ಹತ್ತಿ, ಅದೇ ಮುಖ ಮಾಡಿಕೊಂಡು, ತಾನು ಬರೆದದ್ದರ ಮೇಲೆ ತಾನೇ ಸುಣ್ಣ ಎಳೆದ. ಪಾಸ್ ವಿಭಾಗ ನೆಲಮಹಡಿಯ ಬಾಗಿಲ ಪಕ್ಕಕ್ಕೆ ಎಂದು ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಡಿದು ನಿರ್ದೇಶಕರು ರುಜು ಹಾಕಿದರು. ಟಾಂಟಾಂ ಕಂಬಿಗೆ ಹೊಟ್ಟೆ ಕೊಟ್ಟು ಬಗ್ಗಿ ಕೂಗಿದ: "ಅಕ್ಕಾ! ನೀವು ಕೆಳಗೇ! ಅಲ್ಲೇ ಇರಿ! ಅಲ್ಲಾಡ್ಬೇಡಿ!" ಕೆಳಗಿನಿಂದ ಏನೋ ಉತ್ತರ ಬಂತು. ಮೂರು ಅಂತಸ್ತು ಹತ್ತುವಷ್ಟರಲ್ಲಿ ಅದು ಬರೀ ನಗುವಾಗಿತ್ತು.

ಉಳಿದವರ ಜಾಗವನ್ನೆಲ್ಲ ಡಬ್ಬಿಯಲ್ಲಿದ್ದಂತೆಯೇ ಒಪ್ಪಿಬಿಟ್ಟರು. ಬೇರೆ ಪಟ್ಟಿ ಮಾಡಲು ವ್ಯವಸ್ಥಾಪಕರಿಗೆ ಇನ್ನೆರಡು ತಿಂಗಳು ಬೇಕಾಗುತ್ತದೆಂದು ನಿರ್ದೇಶಕರಿಗೆ ಗೊತ್ತಿತ್ತು. ಟಾಂಟಾಂನನ್ನು ಮಾತ್ರ ನಾಲ್ಕು ಹೆಜ್ಜೆ ಈಚೆ ಹಾಕಿಸಿದೆ. ಮಗಳ ಗೊಂಬೆಯ ಕೂದಲನ್ನೂ ವಾಪಸ್ ಕೊಟ್ಟೆ.

"ನಿಮ್ಮದೆಲ್ಲಿ?" ಎಂದರು ನಿರ್ದೇಶಕರು ನನ್ನ ಕಡೆ ತಿರುಗಿ.

ಆಗ ಹೊಳೆಯಿತು. ಹನ್ನೆರಡು ಜನಕ್ಕೆ ಹುಬ್ಬು, ಹೊಟ್ಟೆ, ಟೊಪ್ಪಿ ಎಲ್ಲ ಮಾಡಿದ ನಾನು ನನ್ನನ್ನೇ ಮಾಡಿಕೊಂಡಿರಲಿಲ್ಲ. ನನ್ನ ವಿಭಾಗ ಡಬ್ಬಿಯಲ್ಲಿ ಎಲ್ಲೂ ಇರಲಿಲ್ಲ. ಇದ್ದ ಕೋಣೆಗಳಿಗೆಲ್ಲ ನಾನೇ ಜನ ತುಂಬಿದ್ದೆ.

"ಇಲ್ಲ ಮೇಡಂ. ಮರೆತೆ."

"ಕಳೆದುಹೋದ ವಿಭಾಗ ಅಂತಾಯ್ತು" ಎಂದು ನಿರ್ದೇಶಕರು ಮೊದಲ ಸಲ ನಕ್ಕರು. ನಗುತ್ತಲೇ ಪಕ್ಕದ ಸಣ್ಣ ಬಾಗಿಲು ತೆರೆದು, ಇನ್ನೂ ಹದಿನೆಂಟು ಮೆಟ್ಟಿಲು ಕಂಡು, ಮೇಲೆ ತಾರಸಿಯ ನೀರಿನ ಟ್ಯಾಂಕಿನ ಪಕ್ಕದ ಕೋಣೆ ಯಾರದೆಂದು ಕೇಳಿದರು. ಯಾರದ್ದೂ ಅಲ್ಲ ಎಂದರು ವ್ಯವಸ್ಥಾಪಕರು. ಅವರ ಮುಖದಲ್ಲಿ ಕಂಡ ಸಂತೋಷವನ್ನು ಮೂರೆಳೆಯ ಕುಂಚದಿಂದ ನಾನೂ ಬರೆಯಲಾರೆ.

ಈಗ ಇಡೀ ಸಂಸ್ಥೆಯಲ್ಲಿ ನನ್ನಷ್ಟು ಉನ್ನತ ಸ್ಥಾನದಲ್ಲಿರುವ ನೌಕರ ಇನ್ನೊಬ್ಬನಿಲ್ಲ. ನಿರ್ದೇಶಕರೇ ನನಗಿಂತ ಕೆಳಗೆ. ಮೋಡಗಳು ಕೋಣೆಯೊಳಗೆ ಬಂದು ಛತ್ರಿ ಕೇಳಿ ಹೋಗುತ್ತವೆ. ತೊಂದರೆಯೊಂದೇ. ಕಳೆದುಕೊಂಡವರು ಯಾರೂ ಅರವತ್ತು ಮೆಟ್ಟಿಲು ಹತ್ತುವುದಿಲ್ಲ. ಬಾಗಿಲ ಪಕ್ಕದಲ್ಲಿರುವ ಅಕ್ಕನನ್ನು ಕೇಳುತ್ತಾರೆ. ಅಕ್ಕ ಕುರ್ಚಿಯಿಂದ ಏಳದೆ ಮೆಟ್ಟಿಲ ಸಂದಿಗೆ ಮುಖವೆತ್ತಿ ಕೂಗುತ್ತಾರೆ: "ಏ ಅಪ್ಪಾ! ಕರೀ ಛತ್ರಿ! ಹಿಡಿ ಮುರಿದಿದೆ! ಏಳನೇ ನಂಬರ್ ಬಸ್ಸು!" ನಾನು ಅರವತ್ತು ಇಳಿದು ತರುತ್ತೇನೆ. ಅವರು ನೋಡಿ, "ಇದಲ್ಲವಂತೆ" ಎನ್ನುತ್ತಾರೆ. ಅರವತ್ತು ಹತ್ತುತ್ತೇನೆ. ದಿನಕ್ಕೆ ಹದಿನೈದು ಸಲ.

ಮೊನ್ನೆ ಹದಿನಾರನೆಯ ಸಲ ಇಳಿದು ಬಂದು, ಕಿಂಡಿಯ ಕಟ್ಟೆ ಹಿಡಿದು, ಬಲಮಂಡಿ ತಿಕ್ಕುತ್ತಾ ನಿಂತೆ. ನನಗೇ ತಿಳಿಯದಂತೆ ಬಾಯಿಂದ "ಅಮ್ಮಾ" ಎಂದು ಬಂತು.

ಅಕ್ಕ ಕನ್ನಡಕದ ಮೇಲಿನಿಂದ ನೋಡಿದರು. ಬರೆಯುತ್ತಿದ್ದ ಪಾಸನ್ನು ಪೂರ್ತಿ ಮಾಡಿ, ಕಿಂಡಿಯಲ್ಲಿದ್ದ ಅಜ್ಜನಿಗೆ ಕೊಟ್ಟು, ಮೇಜಿನ ಖಾನೆ ಎಳೆದರು.

"ನೋವಾ ಅಪ್ಪ?"

"ಏನಿಲ್ಲ ಅಕ್ಕ, ಸುಮ್ನೆ."

"ನಾಚ್ಕೋಬೇಡ" ಎಂದರು, ಒಂದು ಕಾಗದವನ್ನು ನನ್ನತ್ತ ಸರಿಸುತ್ತಾ. "ಆವತ್ತು ಎರಡು ಫಾರಂ ತಗೊಂಡಿದ್ದೆ. ಒಂದನ್ನ ಹರಿದೆ. ಇದು ಖಾಲಿ ಇದೆ, ಇಟ್ಕೋ."